ಬೆನ್ನಿಗೆ ನಟಿಸಲು ಬರುವುದಿಲ್ಲ

ಅಂಗಡಿಯ ಹಿಂದಿನ ಕೋಣೆ
ನವೆಂಬರ್ ೧೪, ಸೋಮವಾರ ಸಂಜೆ

ಪ್ರೀತಿಯ ಇವಳೇ,

ನಿನ್ನ ಸೊಂಟನೋವು ಹೇಗಿದೆ, ಮೊದಲು ಅದನ್ನು ಹೇಳು. ಹಾಸ್ಟೆಲಿನ ಅಡುಗೆಮನೆಯ ಆ ದೊಡ್ಡ ಪಾತ್ರೆಗಳನ್ನು ಒಬ್ಬಳೇ ಎತ್ತಬೇಡ ಎಂದು ಎಷ್ಟು ಸಲ ಬರೆದರೂ ನೀನು ಕೇಳುವ ಪೈಕಿ ಅಲ್ಲ. ನಾನು ಗಟ್ಟಿಮುಟ್ಟಾಗಿದ್ದೇನೆ. ಮಗಳ ಓದು ಮುಗಿಯುವವರೆಗೆ ಎಂದು ಅಡುಗೆ ಕೆಲಸಕ್ಕೆ ಹೋದವಳನ್ನು ಹಾಸ್ಟೆಲಿನವರು ಇನ್ನೂ ಎರಡು ವರ್ಷ ಇರು ಎನ್ನುತ್ತಿದ್ದಾರೆ, ತಿಂಗಳ ಕೊನೆಯೊಳಗೆ ಹೇಳಬೇಕು, ಏನು ಮಾಡಲಿ ಎಂದು ಕೇಳಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಂತೋಷದ ಸುದ್ದಿ: ನಿನ್ನ ಗಂಡ ಸಿನಿಮಾ ಹೀರೋ ಆಗಿದ್ದಾನೆ. ನಗಬೇಡ. ನಿನ್ನೆ ಮಗಳ ಕಾಲೇಜಿನ ಸಭಾಂಗಣದಲ್ಲಿ ಹತ್ತು ನಿಮಿಷ ತೆರೆಯ ತುಂಬ ನಾನೇ ನಾನು.

ಅವಳ ಕೊನೆಯ ಪರೀಕ್ಷೆಗೆ ಒಂದು ಕಿರುಚಿತ್ರ ಮಾಡಬೇಕಿತ್ತಲ್ಲ. ಕಥೆಗಿಥೆ ಏನೂ ಬೇಡ, ನಮ್ಮ ಅಂಗಡಿಯಲ್ಲಿ ಕುರ್ಚಿ, ಸೋಫಾ ರಿಪೇರಿ ಆಗುವುದನ್ನು ಇದ್ದದ್ದು ಇದ್ದ ಹಾಗೆ ಹಿಡಿಯುತ್ತೇನೆ ಎಂದಳು. ನಾನು ಹಿಂದಿನ ದಿನವೇ ಅಂಗಡಿಯನ್ನು ಗುಡಿಸಿ ಒರೆಸಿ, ಹೊಟ್ಟೆ ಹರಿದ ಸೋಫಾಗಳನ್ನೆಲ್ಲ ಮೂಲೆಗೆ ತಳ್ಳಿ, ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತೆ. ಮಗಳು ಬಂದವಳೇ ಬಾಗಿಲಲ್ಲೇ ತಲೆಯ ಮೇಲೆ ಕೈ ಹೊತ್ತಳು. “ಅಪ್ಪಾ, ಯಾರ ಮದುವೆ ಇವತ್ತು?” ಎಂದಳು. ಮತ್ತೆ ಎಲ್ಲವನ್ನೂ ಹರಡಿ ಹಾಕುವ ಹೊತ್ತಿಗೆ ಸಾಕೋ ಸಾಕಾಯಿತು. ಇಷ್ಟು ದಿನ ಸಲೀಸಾಗಿ ಮಾಡಿಕೊಂಡು ಬಂದ ಕಸವನ್ನು ಬೇಕೆಂದೇ ಮಾಡಲು ಹೋದರೆ ಬರುವುದೇ ಇಲ್ಲ. ಆಮೇಲೆ ಇನ್ನೊಂದು ಅವಾಂತರ. ಬಾಯಲ್ಲಿ ಮೊಳೆ ಇಟ್ಟುಕೊಂಡೇ ಕೆಲಸ ಮಾಡುವವನು ನಾನು, ಮಾತಿಗೆ ಅವಕಾಶ ಎಲ್ಲಿ? ಕ್ಯಾಮೆರಾ ಕಂಡದ್ದೇ ತಡ, ಮೊಳೆಗಳನ್ನೆಲ್ಲ ಅಂಗೈಗೆ ಉಗಿದು, ದುಡಿಮೆಯ ಮಹತ್ವದ ಬಗ್ಗೆ ಭಾಷಣ ಬಿಗಿದೆ. ಇಬ್ಬರೂ ಬಹಳ ಭಕ್ತಿಯಿಂದ ಕೇಳಿದರು. ಸಿನಿಮಾದಲ್ಲಿ ಅದರ ಒಂದಕ್ಷರವೂ ಇಲ್ಲ.

ಇಬ್ಬರು ಎಂದೆನಲ್ಲ, ಇನ್ನೊಬ್ಬಳು ಅವಳ ಜೊತೆ ಓದುವ ಹುಡುಗಿ, ಸದ್ದು ಹಿಡಿಯುವವಳು. ಕೋಲಿನ ತುದಿಗೆ ಮೈಕು ಕಟ್ಟಿಕೊಂಡು ಓಡಾಡುವ ಅವಳಿಗೆ ನಾನು ‘ಕಿವಿಯಮ್ಮ’ ಎಂದು ಹೆಸರಿಟ್ಟಿದ್ದೇನೆ. ಫ್ರಿಜ್ಜಿನ ಗುಂಯ್‌ಗುಡುವಿಕೆ ಬೇಡ ಎಂದು ಫ್ರಿಜ್ಜನ್ನೇ ಆರಿಸಿದಳು. ಮತ್ತೆ ಹಾಕುವುದನ್ನು ಮೂವರೂ ಮರೆತೆವು. ಹಾಲು ಒಡೆಯಿತು, ಕಲೆಗಾಗಿ ಎರಡು ದಿನ ಹಾಲಿಲ್ಲದ ಚಹಾ ಕುಡಿದೆವು. ಮಗಳು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕದೆ ಹೆಗಲ ಮೇಲೆ ಹೊತ್ತು ನನ್ನ ಬೆನ್ನ ಹಿಂದೆಯೇ ತಿರುಗುತ್ತಿದ್ದಳು. ಅದು ಅಲ್ಲಾಡುತ್ತದೆ ಎಂದರೆ, ಅಲ್ಲಾಡಲಿ, ಉಸಿರಾಡೋರು ಯಾರೋ ಪಕ್ಕದಲ್ಲಿದ್ದ ಹಾಗಿರುತ್ತೆ ಎಂದಳು. ಮುಖ ಯಾಕೆ ತೋರಿಸಲ್ಲ ಎಂದು ನನಗೆ ಸಿಟ್ಟೇ ಬಂತು. “ಮುಖ ತೋರಿಸಿದ್ರೆ ನೀನು ನಟಿಸ್ತೀಯ ಅಪ್ಪ. ನಿನ್ನ ಬೆನ್ನಿಗೆ ನಟಿಸೋಕೆ ಬರಲ್ಲ” ಅಂದಳು. ಮಾತಿನಲ್ಲಿ ಥೇಟ್ ನೀನೇ. ಕೊನೆಯಲ್ಲಿ ಒಂದಿಷ್ಟು ಪಿಟೀಲಾದರೂ ಹಾಕು, ಜನ ಕಣ್ಣೊರೆಸಿಕೊಳ್ಳಲಿ ಎಂದು ಗೋಗರೆದೆ. ಅದಕ್ಕೂ ಒಪ್ಪಲಿಲ್ಲ. ಪಿಟೀಲು ಹಾಕುವುದೆಂದರೆ ಅಳಿ ಎಂದು ಜನರ ಬೆನ್ನಿಗೆ ಗುದ್ದಿದ ಹಾಗಂತೆ.

ಸರಿ, ನಿನ್ನೆ ಹೋಗಿ ಕೂತೆ. ಸಭಾಂಗಣ ಭರ್ತಿ. ದೀಪ ಆರಿತು. ಮೊದಲು ತೆರೆಯೇ ಕಪ್ಪು, ಬರೀ ನನ್ನ ಸುತ್ತಿಗೆಯ ಸದ್ದು. ಕಿವಿಯಮ್ಮ ಮೈಕನ್ನು ಕುರ್ಚಿಯ ಹೊಟ್ಟೆಯೊಳಕ್ಕೇ ತೂರಿಸಿದ್ದಳಂತೆ, ಒಂದೊಂದು ಏಟೂ ಎದೆಗೇ ಬಂದು ಬಡಿಯುತ್ತಿತ್ತು. ಆಮೇಲೆ ನನ್ನ ಕೈಗಳು, ಇಷ್ಟಗಲ. ರೆಕ್ಸಿನ್ ಎಳೆದು ಬಿಗಿಯುವಾಗ ಅದು ಕಿರುಗುಟ್ಟುವುದು, ಸ್ಪ್ರಿಂಗೊಂದು ಟಂಗ್ ಎಂದು ಹಾರಿ ನಾನು ಬಗ್ಗುವುದು! ಜನ ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿದ್ದ ನಮ್ಮ ಬೀದಿಯ ಕ್ಷೌರಿಕ ನನ್ನ ತೊಡೆಗೆ ಹೊಡೆದು ಹೊಡೆದು ಕೆಂಪು ಮಾಡಿದ. ನಾನು ಉಬ್ಬಿಹೋದೆ ಕಣೇ.

ಕೊನೆಯ ಶಾಟ್ ಮಾತ್ರ ಬೇರೆ. ಅಷ್ಟು ಹೊತ್ತೂ ಬೆನ್ನಿಗಂಟಿದ್ದ ಕ್ಯಾಮೆರಾ ದೂರ ಸರಿದು ಬಾಗಿಲಲ್ಲಿ ನಿಂತಿತು. ಅಲ್ಲಾಡಲಿಲ್ಲ. ನಾನು ಕುರ್ಚಿ ಮುಗಿಸಿ ಸುತ್ತಿಗೆ ಕೆಳಗಿಟ್ಟೆ. ನಿನಗೆ ಗೊತ್ತಲ್ಲ, ಎಷ್ಟು ಚೆನ್ನಾಗಿ ಮಾಡಿದರೂ ನೀನು ಬಂದು ಕೂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ “ಹ್ಞೂಂ, ಕೊಡಬಹುದು” ಅನ್ನದೆ ಯಾವ ಕುರ್ಚಿಯೂ ನಮ್ಮ ಅಂಗಡಿಯ ಹೊಸ್ತಿಲು ದಾಟಿದ್ದಿಲ್ಲ. ನೀನು ಹೋದ ಮೇಲೆ ನಾನೇ ಕೂತು ನೋಡಿ ಕೊಡುತ್ತಿದ್ದೇನೆ, ಅಷ್ಟೇ ಎಂದುಕೊಂಡಿದ್ದೆ. ತೆರೆಯ ಮೇಲೆ ನೋಡಿದರೆ, ಕುರ್ಚಿಯನ್ನು ನೀನು ಬರುತ್ತಿದ್ದ ಒಳಬಾಗಿಲ ಕಡೆಗೆ ತಿರುಗಿಸಿ ಪಕ್ಕಕ್ಕೆ ಸರಿದು ನಿಂತಿದ್ದೇನೆ. ನಿಂತೇ ಇದ್ದೇನೆ. ಸುತ್ತಿಗೆಯ ಸದ್ದಿಲ್ಲ, ಪಿಟೀಲಂತೂ ಇಲ್ಲವೇ ಇಲ್ಲ. ಫ್ಯಾನು ತಿರುಗುವುದು, ಹೊರಗೆ ಒಂದು ಬಸ್ಸು ನಿಂತು ಹೊರಡುವುದು, ಅಷ್ಟೇ. ಬಹಳ ಹೊತ್ತಾದ ಮೇಲೆ ಹೋಗಿ ನಾನೇ ಕೂರುತ್ತೇನೆ. ಹೀಗೆ ಮಾಡುತ್ತೇನೆಂದು ದೇವರಾಣೆಗೂ ನನಗೆ ಗೊತ್ತಿರಲಿಲ್ಲ. ದಿನಾ ಮಾಡ್ತೀಯ ಅಪ್ಪ, ಪ್ರತಿ ಕುರ್ಚಿಗೂ ಎಂದಳು ಮಗಳು, ಆಮೇಲೆ. ಅದನ್ನು ನೋಡುತ್ತ ಕತ್ತಲಲ್ಲೇ ನನಗೆ ಅಳು ಬಂತು. ದೀಪ ಹತ್ತಿದ ಮೇಲೆ ಚಪ್ಪಾಳೆಯೋ ಚಪ್ಪಾಳೆ. ಮಗಳಿಗೆ ಮೊದಲ ಸ್ಥಾನ. ಹೊರಗೆ ಬಂದು ಮೂವರೂ ಐಸ್‌ಕ್ರೀಂ ತಿಂದೆವು, ನಿನ್ನ ಪಾಲಿನದನ್ನು ಕಿವಿಯಮ್ಮ ಹೊಡೆದಳು.

ಹಾಸ್ಟೆಲಿನ ಮಕ್ಕಳಿಗೆಲ್ಲ ನನ್ನ ಆಶೀರ್ವಾದ ತಿಳಿಸು. ನಿನಗೆ ಆಶೀರ್ವಾದ ಮಾಡುವಷ್ಟು ಧೈರ್ಯ ನನಗಿಲ್ಲ, ಪ್ರೀತಿ ಕಳಿಸಿದ್ದೇನೆ.

ಇತಿ,
ನಿನ್ನ ‘ರೀ’

ತಾ.ಕ.: ಮಗಳು ಅಂಚೆಗೆ ಹೊತ್ತಾಯಿತೆಂದು ಬಾಗಿಲಲ್ಲಿ ಕುಣಿಯುತ್ತಿದ್ದಾಳೆ. ಆ ಎರಡು ವರ್ಷದ ವಿಷಯ. ಫೋನಿನಲ್ಲಿ ಕೇಳಿದಾಗ ‘ನಿನ್ನಿಷ್ಟ’ ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿಬಿಟ್ಟೆ. ನಿನಗೆ ಅಲ್ಲೇ ಹಿಡಿಸಿದ್ದರೆ ಇರು, ನಾನು ಅಡ್ಡ ಬರುವುದಿಲ್ಲ. ಆದರೆ ನನ್ನಿಷ್ಟ ಏನೆಂದು ಬರೆದೇ ಕಳಿಸುತ್ತಿದ್ದೇನೆ: ಬಂದುಬಿಡು.