ಮ್ಯೂಸಿಯಂಗೆ ಹೊಂಟ ಬುತ್ತಿ

ಏನ್ರೀ,

ಡಬ್ಬಿಯೊಳಗ ರೊಟ್ಟಿ ಹುಡುಕಬ್ಯಾಡ್ರಿ, ಎಲ್ಲಾ ನಾನ ಒಯ್ದೇನಿ. ಇವತ್ತೊಂದಿನ ಬ್ರೆಡ್ ತಿನ್ರಿ, ಏನೂ ಸೊರಗೂದಿಲ್ಲ. ಬಿಪಿ ಗುಳಿಗಿ ಮಾತ್ರ ಮರೀಬ್ಯಾಡ್ರಿ.

ಮೊಮ್ಮಗಳು ಚೈತನ್ಯಾನ ಕ್ಲಾಸಿನವರ ಜೋಡಿ ಟೊರಾಂಟೊದಾಗ ಆ ನರಮೇಧದ ಮ್ಯೂಸಿಯಂ ನೋಡಾಕ ಹೊಂಟೇನಿ. ಅಲ್ಲೆ ಒಬ್ಬಾಕಿ ಯಹೂದಿ ಅಜ್ಜಿ ಹುಡುಗರ ಮುಂದ ಮಾತಾಡ್ತಾಳಂತ. ಸಣ್ಣಾಕಿ ಇದ್ದಾಗ ಆಕಿ ಮನಿ ಮಂದಿನೆಲ್ಲಾ ಕೊಂದಿದ್ರಂತ, ಪಾಪ. ಸಾವಾದ ಮನಿಯಾಕಿನ್ನ ಬರಿಗೈಲೆ ಹೋಗಿ ಹೆಂಗ ಮಾತಾಡಸೂದ್ರಿ? ರೊಟ್ಟಿ, ಬದನಿಕಾಯಿ ಪಲ್ಯ, ಶೇಂಗಾ ಚಟ್ನಿ ಬುತ್ತಿ ಕಟ್ಟೇನಿ.

“ಅಜ್ಜಿ, ಇಟ್ಸ್ ಎ ಮ್ಯೂಸಿಯಂ!” ಅಂತ ಮೊಮ್ಮಗಳು ಹಣಿ ಹಣಿ ಬಡಕೊಂಡ್ಳು. ಎಂಬತ್ತು ವರ್ಷದ ಹಿಂದಿನ ಮಾತು ಅಂತ ನೀವೂ ನಗತೀರಿ. ನಗ್ರಿ.

ಅವತ್ತ ಆಕಿಗೆ ಯಾರೂ ಬುತ್ತಿ ಒಯ್ದಿಲ್ಲಲ್ಲ, ಅದಕ್ಕ ಹೊಂಟೇನಿ.

ಗುರುಬಸವ್ವ