ಮೂರನೆಯ ಬ್ರಾಕೆಟ್

ಸೋಮವಾರ, ಮಾರ್ಚ್ 3. ಬೆಳಿಗ್ಗೆ 7

ಇವತ್ತೂ ಅದೇ. ಅಪ್ಪನ ಮಾತ್ರೆ, ಬಲಗೈಗೆ ವ್ಯಾಯಾಮ, ಆಮೇಲೆ ಲ್ಯಾಪ್‌ಟಾಪ್ ಮುಂದೆ ಹತ್ತು ಲೆಕ್ಕ. ಸ್ಟ್ರೋಕ್ ಆಗಿ ಐದು ತಿಂಗಳು. ತಲೆಗೆ ದಿನಾ ಕೆಲಸ ಕೊಡಿ ಅಂದಿದ್ದರು ಡಾಕ್ಟರು. ನಾನೇ ಒಂದು ಪ್ರೋಗ್ರಾಂ ಬರೆದೆ. ಲೆಕ್ಕ ಬರೆದ ರೀತಿ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಒಳಗಿರುವುದು ಒಂದು ಸಾಲಿನ ರೆಗ್ಯುಲರ್ ಎಕ್ಸ್‌ಪ್ರೆಶನ್. ಅದೊಂದು ಅಚ್ಚು — ಅಂಕಿ, ಚಿಹ್ನೆ, ಅಂಕಿ, ಬೇಕಾದಲ್ಲಿ ಬ್ರಾಕೆಟ್. ಟೈಪ್ ಮಾಡಿದ್ದು ಅಚ್ಚಿಗೆ ಕೂರುತ್ತದೋ ಇಲ್ಲವೋ ನೋಡುತ್ತದೆ, ಅಷ್ಟೆ.

12+ ಅಂತ ನಿಲ್ಲಿಸಿದರೆ ಕೆಂಪು. ಅಪ್ಪ ತಿದ್ದುತ್ತಾರೆ. ಹಸಿರು ಬಂದರೆ ಅಮ್ಮನ ಕಡೆ ನೋಡುತ್ತಾರೆ.

ಮಾರ್ಚ್ 5

ಪ್ರೆಸ್ಸಿನ ಯಜಮಾನರು ಬಂದಿದ್ದರು. ಗಣಿತ ಪುಸ್ತಕದ ಪ್ರೂಫ್ ಕಟ್ಟು ಇಟ್ಟರು. "ಆದ್ರೆ ನೋಡಿ ಪ್ರೂಫಣ್ಣ. ಆಗದಿದ್ರೆ ಹದಿನೈದಕ್ಕೆ ಬಂದು ತಗೊಂಡು ಹೋಗ್ತೀನಿ, ಬೇಜಾರಿಲ್ಲ."

ಅಪ್ಪ ಅಲ್ಲಿ ಮೂವತ್ತೊಂದು ವರ್ಷ ಪ್ರೂಫ್ ನೋಡಿದವರು. ಬ್ರಾಕೆಟ್ ಎಣಿಸಲು ಅವರದೇ ರೀತಿ — ತೆರೆದರೆ ಒಂದು ಬೆರಳು ಮಡಚುವುದು, ಮುಚ್ಚಿದರೆ ಬಿಡಿಸುವುದು. ಕೊನೆಗೆ ಕೈ ಪೂರ್ತಿ ತೆರೆದಿರಬೇಕು. ಇವತ್ತು ಕಟ್ಟನ್ನು ಬಿಚ್ಚಲಿಲ್ಲ. "ಮೊದಲು ನಿನ್ನ ಮಿಷನ್ ಏನ್ ಹೇಳುತ್ತೋ ನೋಡೋಣ" ಅಂದರು.

ಮಾರ್ಚ್ 6

ಆಫೀಸಿಗೆ ಲೇಟು. ಹೆಗಲಿಗೆ ಬ್ಯಾಗು, ಕಿವಿಗೆ ಫೋನು. ಅಪ್ಪ ಕರೆದರು — ಕೆಂಪು ಬರ್ತಿದೆ ಅಂತ. ಸ್ಕ್ರೀನ್ ಕಡೆ ಕತ್ತೆತ್ತಿಯೂ ನೋಡದೆ, "ಎಲ್ಲೋ ಬ್ರಾಕೆಟ್ ಬಿಟ್ಟಿದ್ದೀರ, ಸರಿಯಾಗಿ ನೋಡಿ" ಅಂದು ಹೊರಟೆ.

ಮಾರ್ಚ್ 11

ನಾಲ್ಕು ದಿನದಿಂದ ಲೆಕ್ಕಕ್ಕೆ ಕೂತಿಲ್ಲ. ಕಟ್ಟು ಕಪಾಟಿನ ಮೇಲೆ ಹೋಗಿದೆ. "ಕಣ್ಣಿಗೆ ಬೀಳಬಾರದಂತೆ ಕಣೇ. ನನ್ನ ತಲೆ ಹೋಯ್ತು, ವಾಪಸ್ ಕೊಟ್ಬಿಡಿ ಅಂದ್ರು" — ಅಮ್ಮ.

ಅವರು ಟೈಪ್ ಮಾಡಿದ್ದೆಲ್ಲ ಸೇವ್ ಆಗಿರುತ್ತದೆ. ತೆಗೆದು ನೋಡಿದೆ. ((4+2)*3)/9. ಆರನೇ ತಾರೀಕು, ಹದಿನೇಳು ಸಲ. ಹದಿನೇಳು ಸಲವೂ ಕೆಂಪು. ಹದಿನೇಳು ಸಲವೂ ಸರಿ.

ನನ್ನ ಅಚ್ಚಿಗೆ ಬ್ರಾಕೆಟ್ ಗೊತ್ತು, ಬ್ರಾಕೆಟ್ ಒಳಗೆ ಬ್ರಾಕೆಟ್ ಗೊತ್ತಿಲ್ಲ. ಬರೆಯುವಾಗ ನನಗೆ ಹೊಳೆಯಲೇ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕು, ಹಾಕಿದವಳು ನಾನು. ನಾಚಿಕೆಯಾಯಿತು.

ಮಾರ್ಚ್ 12

"ತಪ್ಪು ನಿಮ್ಮದಲ್ಲ ಅಪ್ಪ, ನನ್ನದು."

"ಸಮಾಧಾನಕ್ಕೆ ಹೇಳ್ತೀಯ. ಇರಲಿ ಬಿಡು."

ಎಷ್ಟು ಹೇಳಿದರೂ ನಂಬಲಿಲ್ಲ. ಹೇಗೆ ನಂಬುತ್ತಾರೆ... ಅವತ್ತು ತಪ್ಪು ಅಂದಿದ್ದೂ ಇದೇ ಬಾಯಿ.

ಮಾರ್ಚ್ 14. ಸಂಜೆ

ಅಚ್ಚನ್ನು ಎರಡು ಪದರಕ್ಕೆ ಹಿಗ್ಗಿಸಿದೆ. ಬೇಡ ಅಂದರೂ ಕೂರಿಸಿದೆ. ಅವರದೇ ಲೆಕ್ಕ — ಹಸಿರು. ಅಪ್ಪ ಒಂದೇ ಬೆರಳಿನಲ್ಲಿ ನಿಧಾನವಾಗಿ ಇನ್ನೊಂದು ಹೊಡೆದರು. (((2+3)*4)-6)/7.

ಕೆಂಪು.

ಅಪ್ಪ ಲ್ಯಾಪ್‌ಟಾಪ್ ಮುಚ್ಚಲಿಲ್ಲ. ಎಡಗೈ ಎತ್ತಿದರು. ಮೂರು ಬೆರಳು ಮಡಚಿದರು, ಒಂದೊಂದಾಗಿ ಬಿಡಿಸಿದರು. ಇನ್ನೊಂದು ಸಲ.

"ಮೂರು ತೆರೆದಿದೆ, ಮೂರು ಮುಚ್ಚಿದೆ. ಸರಿಯಾಗಿದೆಯಲ್ಲೇ?"

"ಸರಿಯಾಗಿದೆ. ಅದಕ್ಕೆ ಎರಡರ ತನಕ ಮಾತ್ರ ಹೇಳಿಕೊಟ್ಟಿದ್ದೀನಿ."

"ಯಾಕೆ, ಎಣಿಸೋಕೆ ಬರಲ್ವಾ ಅದಕ್ಕೆ?"

"ಬರಲ್ಲ ಅಪ್ಪ. ಅಚ್ಚಿಗೆ ಕೂತ್ರೆ ಸರಿ, ಇಲ್ದಿದ್ರೆ ತಪ್ಪು ಅನ್ನುತ್ತೆ."

ಅಪ್ಪ ನಕ್ಕರು. ಐದು ತಿಂಗಳಾಗಿತ್ತು ಆ ನಗು ಕೇಳಿ. "ಅಯ್ಯೋ ಪಾಪ. ಬೆರಳೇ ಇಲ್ಲ ಅದಕ್ಕೆ" ಅಂದರು.

ಮೂರನೇ ಪದರ ಸೇರಿಸಲೋ ಬೇಡವೋ ಅಂತ ಯೋಚಿಸಿದೆ. ಸೇರಿಸಲಿಲ್ಲ. ಎಣಿಸೋಕೆ ಅಪ್ಪ ಇದ್ದಾರೆ.

ಮಾರ್ಚ್ 15. ಬೆಳಿಗ್ಗೆ 9

ಎದ್ದಾಗ ಕಪಾಟಿನ ಮೇಲೆ ಕಟ್ಟು ಇರಲಿಲ್ಲ. ಅಮ್ಮ ಇಳಿಸಿಕೊಟ್ಟಳಂತೆ, ಆರು ಗಂಟೆಗೇ. ಊಟದ ಮೇಜಿನ ತುಂಬ ಹಾಳೆ. ಅಪ್ಪನ ಎಡಗೈಯಲ್ಲಿ ಕೆಂಪು ಪೆನ್ನು. ಬಲಗೈ ಹಾಳೆಯ ಪಕ್ಕ, ಎರಡು ಬೆರಳು ಅರ್ಧ ಮಡಚಿದೆ. ಎಣಿಸುತ್ತಿದ್ದಾರೆ. ನಾನು ಇದನ್ನು ಬರೆಯುತ್ತಿ—

ಬಾಗಿಲ ಬೆಲ್ ಆಯಿತು. ಪ್ರೆಸ್ಸಿನ ಯಜಮಾನರೇ. ಅಪ್ಪ ತಲೆಯೆತ್ತದೆ, "ಕೂರೋಕೆ ಹೇಳು. ಹದಿನೇಳನೇ ಪುಟದಲ್ಲಿ ಒಂದು ಬ್ರಾಕೆಟ್ ಮುಚ್ಚೇ ಇಲ್ಲ ಅಂತ ಹೇಳು" ಅಂದರು.