ಅಟ್ಟದ ಕಾಯಿ ಕುಲುಕುವ ಅಜ್ಜಿ

ಗುಬ್ಬಿ
೬ ಡಿಸೆಂಬರ್ ೨೦೨೫

ಪ್ರೀತಿಯ ಶಾಂತಲಾ,

ಕುಣಿಗಲ್‌ನಲ್ಲಿ ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಬೈಕೋಬೇಡ ಕಣೇ. ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಶಾಲೆಗೆ ಟ್ಯಾಬ್‌ಗಳು ಬಂದಿವೆ. ಮಕ್ಕಳೇ ಕಥೆ ಕಟ್ಟಿ, ದನಿ ಕೊಟ್ಟು ರೆಕಾರ್ಡ್ ಮಾಡಬೇಕು. ಸ್ವಂತದ್ದೇ ಎಂದು ನಾನು ಸಹಿ ಹಾಕಿದರೆ ತುಮಕೂರಿನ ಸ್ಪರ್ಧೆಗೆ ಹೋಗುತ್ತದೆ. ಸೃಜನಶೀಲತೆಯಂತೆ! ಕೇಳಿದರೆ ಯಂತ್ರವೇ ಕಥೆ ಹೇಳುವ ಕಾಲದಲ್ಲಿ ಯಾರನ್ನು ನಂಬುವುದು? ಒಬ್ಬೊಬ್ಬರನ್ನೂ ಹಿಡಿದು ಜಾಲಾಡಿದೆ.

ಎಂಟನೇ ಕ್ಲಾಸಿನ ಇಂಪನಾ ಬಾಯಿ ಬಿಡದ ಹುಡುಗಿ. ಅವಳ ಕಥೆಯಲ್ಲೊಬ್ಬ ಅಜ್ಜಿ. ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಹಾಕಿದ ತೆಂಗಿನಕಾಯಿಗಳನ್ನು ದಿನಾ ಕಿವಿಯ ಹತ್ತಿರ ಹಿಡಿದು ಕುಲುಕುತ್ತಾಳೆ. ಒಳಗೆ ಒಣಗಿದ ಕೊಬ್ಬರಿ ಗಿಟುಕು ಲೊಡಲೊಡ ಅಂದರೂ ನಂಬದೆ, "ನಿಜ ಹೇಳು! ಯಾರು ಹೇಳ್ಕೊಟ್ರು ನಿಂಗೆ?" ಎಂದು ಗದರುತ್ತಾಳೆ. ಕೊನೆಗೆ ಕಾಯಿಗಳೆಲ್ಲ ಹೆದರಿ ಸದ್ದು ಮಾಡುವುದನ್ನೇ ಬಿಡುತ್ತವೆ. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಅದೂ ನನ್ನ ಕಡೆ ನೋಡಿಕೊಂಡು!

ಆ ಗಡಸು ದನಿ ಈ ಪುಟ್ಟ ಹುಡುಗಿಯದೇ? ಖಂಡಿತ ಯಾವುದೋ ಆ್ಯಪಿನದು. ಅವಳನ್ನು ನಿಲ್ಲಿಸಿ, "ನಿಜ ಹೇಳು, ಯಾರು ಹೇಳ್ಕೊಟ್ರು ನಿಂಗೆ?" ಎಂದೆ.

"ನಾನೇ ಮಾಡಿದ್ದು ಮಿಸ್."

"ಹಂಗಾದ್ರೆ ಈಗ ಮಾಡಿ ತೋರ್ಸು."

"ನಿಮ್ಮೆದುರಿಗೆ ಆಗಲ್ಲ ಮಿಸ್," ಎಂದು ತಲೆ ತಗ್ಗಿಸಿದಳು. ಕಳ್ಳತನವಲ್ಲದಿದ್ದರೆ ಭಯವೇಕೆ? ವಿಜ್ಞಾನದ ಚನ್ನೇಶ್ ಮೇಷ್ಟ್ರು ಬೇರೆ, "ಕಳ್ಸಿ ಬುಡಿ ಮೇಡಂ, ಆ ಅಜ್ಜಿ ನಮ್ ಗುಬ್ಬಿಯೋಳೇ," ಎಂದು ಮೀಸೆಯಲ್ಲೇ ನಕ್ಕರು. ಅವರ ಮೇಲೂ ನನಗೆ ಗುಮಾನಿ. ಸಹಿ ಹಾಕಲಿಲ್ಲ. ಇನ್ನೊಮ್ಮೆ ಪರೀಕ್ಷಿಸೋಣವೆಂದು ಟ್ಯಾಬನ್ನು ಮನೆಗೇ ತಂದಿದ್ದೇನೆ. ಕಳಿಸಲು ಸೋಮವಾರವೇ ಕಡೆಯ ದಿನ.

ನನ್ನ ಮಗಳು ಭೂಮಿಕಾ ಚೆನ್ನಾಗಿದ್ದಾಳೆ. ಮೊದಲಿನ ಹಾಗೆ ಪದ್ಯ ಬರೆದು ಓಡಿಬಂದು ತೋರಿಸುವುದಿಲ್ಲ. ದೊಡ್ಡವಳಾದಳಲ್ಲ, ಕೋಣೆ ಬಾಗಿಲು ಹಾಕಿಕೊಂಡಿರುತ್ತಾಳೆ. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ, ನೂರು ಕಾಲ ಸುಖವಾಗಿರಲಿ.

ನಿನ್ನ
ಪ್ರೇಮಲತಾ

ತಾ.ಕ.: ಕಾಗದ ಮಡಿಚುವ ಮುಂಚೆ ಇನ್ನೊಮ್ಮೆ ಆ ಕಥೆ ಹಾಕಿದೆ. ಅಜ್ಜಿ ಗದರಿದ್ದೇ ತಡ, ಕೋಣೆಯೊಳಗಿಂದ ಭೂಮಿಕಾ ಗಾಬರಿಯಲ್ಲಿ ಕೂಗಿದಳು: "ಯಾರೂ ಹೇಳ್ಕೊಟ್ಟಿಲ್ಲಮ್ಮಾ, ನಾನೇ ಬರ್ದಿದ್ದು!"

ನಾನು ಬಾಯೇ ತೆರೆದಿರಲಿಲ್ಲ ಶಾಂತಲಾ. ಇಂಪನಾಳ ಕಥೆಗೆ ಈಗಲೇ ಸಹಿ ಹಾಕಿದೆ. ನನ್ನ ಮಗಳ ಬಾಗಿಲನ್ನು ಹೇಗೆ ತಟ್ಟಲಿ, ನೀನೇ ಹೇಳೇ.